ಗಾಯಾಳು ಸೈನಿಕರಿಗೆ ಮರದಲ್ಲಿ ಏನು ಮಾಡಿಕೊಡಬಹುದು? ಮಾಡಿಕೊಟ್ಟವರು ಅನುಭವ ಹೇಳಿ

ತುಮಕೂರು_ಉಳಿ (ಕೇಳಿದವರು):
ಎಲ್ಲರಿಗೂ ನಮಸ್ಕಾರ. ಭಾನುವಾರಗಳಲ್ಲಿ ಮರಗೆಲಸ ಮಾಡುವ ನಾಲ್ಕೈದು ಜನ ಗೆಳೆಯರಿದ್ದೇವೆ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆ ಹೊತ್ತಿಗೆ ಪುಣೆಯ ಖಡಕಿಯಲ್ಲಿರುವ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರದ ಯೋಧರಿಗೆ ಕೈಯಾರೆ ಏನಾದರೂ ಮಾಡಿ ಕಳಿಸೋಣ ಅಂತ ಆಸೆ. ಊರುಗೋಲು, ಚೆಸ್ ಬೋರ್ಡ್, ತೊಡೆ ಮೇಲೆ ಇಟ್ಟುಕೊಳ್ಳುವ ಟ್ರೇ ತಲೆಯಲ್ಲಿವೆ. ಒಬ್ಬೊಬ್ಬರು ಎರಡು ಸಾವಿರ ಹಾಕುತ್ತೇವೆ. ಮರ ಕಡೆಯುವ ಚಿಕ್ಕ ಲೇತ್ ಇದೆ. ಯಾವುದು ಒಳ್ಳೆಯದು?

ಚನ್ನಪಟ್ಟಣದ_ಅಳಿಯ:
ಊರುಗೋಲು ಅಂದಿರಿ, ಅದಕ್ಕೇ ಬರೀತಿದ್ದೀನಿ. ಹೋದ ವರ್ಷ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿದ್ದ ಯೋಧರಿಗೆ ಮಾಡಿಕೊಟ್ಟೆ. ಕೋಲು ಹೊನ್ನೆ, ಹಿಡಿ ಆಲೆ ಮರ. ಹಿಡಿ ಕಡೆದದ್ದು ನಮ್ಮ ಮಾವನ ಅಂಗಳದ ಲೇತಲ್ಲೇ. ತಿರುಗೋ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಮೇಲೆ ತಾಳೆಗರಿಯಲ್ಲಿ ತಿಕ್ಕಿದರೆ ಬರೋ ಹೊಳಪು ಇದೆಯಲ್ಲ, ಅದು ಬೇರೆ ಯಾವುದಕ್ಕೂ ಬರಲ್ಲ ಕಣ್ರೀ. ಕೊಟ್ಟ ದಿನ ಎಲ್ಲರೂ ಮುಟ್ಟಿ ಮುಟ್ಟಿ ನೋಡಿದರು.

ಸ್ವಲ್ಪ ದಿನಕ್ಕೆ ಫೋನು. ಹಿಡಿ ಅಂಟುತ್ತೆ ಅಂತ. ಹೋಗಿ ನೋಡಿದರೆ ಹೆಬ್ಬೆರಳು ಕೂರೋ ಜಾಗದಲ್ಲಿ ಕೆಂಪು ಬಣ್ಣ ಹಳದಿ ಪಟ್ಟಿಯೊಳಗೆ ಹರಿದುಬಿಟ್ಟಿದೆ, ಅದರ ಮೇಲೆ ಬೆರಳಚ್ಚು ಬೇರೆ ಅಚ್ಚೊತ್ತಿ ಕೂತಿದೆ. ವಾರ್ಡಿನಲ್ಲಿ ಹೊತ್ತುಹೊತ್ತಿಗೂ ಸ್ಯಾನಿಟೈಸರ್. ಅದರಲ್ಲಿರೋದು ಆಲ್ಕೋಹಾಲು, ಅರಗು ಕರಗೋದೂ ಆಲ್ಕೋಹಾಲಲ್ಲೇ. ಅರಗಿನ ತಪ್ಪು ಏನೂ ಇಲ್ಲ, ನಮ್ಮ ಅಜ್ಜಂದಿರ ಕಾಲದಲ್ಲಿ ಯಾರ ಕೈಯಲ್ಲೂ ಸ್ಯಾನಿಟೈಸರ್ ಇರಲಿಲ್ಲ. ಮರ, ಅರಗು, ಕೂಲಿ ಸೇರಿ ಒಂದಕ್ಕೆ 640 ಬಿದ್ದಿತ್ತು. ವಾಪಸ್ ತರಿಸಿ, ಕೆರೆದು, ಎಣ್ಣೆ ಪಾಲಿಶ್ ಹಾಕಿಸೋಕೆ ಮತ್ತೆ 410. ಆಟೊ ಬಾಡಿಗೆ ಲೆಕ್ಕಕ್ಕೇ ಹಿಡಿದಿಲ್ಲ. ಕೋಲಿನ ತುದಿಗೆ ಹಾಕೋ ರಬ್ಬರ್ ಬುಷ್ ಮೆಡಿಕಲ್ ಶಾಪಿಂದ ತಂದಿದ್ದು, 19 ಎಂಎಂ ಅಂತ ಬರೆದಿದ್ದರೂ ಒಂದೊಂದೂ ಒಂದೊಂದು ಅಳತೆ.

ಹುಬ್ಬಳ್ಳಿ_ರಂಧಾ:
ಅದಕ್ಕ ಹೇಳೂದು, ಪಿಯು (ಪಾಲಿಯುರೆಥೇನ್ ಪಾಲಿಶ್) ಹೊಡೀರಿ ಅಂತ. ಅರಗು, ತಾಳೆಗರಿ ಎಲ್ಲಾ ಆಟಿಗಿ ಸಾಮಾನಿಗೆ ಛಲೋ. ಊರುಗೋಲು ದಿನಾ ಬೆವರ ಕೈಯಾಗ ಇರೂದು.

ನಾ ಟ್ರೇ ಮಾಡೀನ್ರೀ. ವೀಲ್‌ಚೇರ್ ಮ್ಯಾಲೆ ಕುಂತವ್ರಿಗೆ ಊಟಕ್ಕ, ಬರಿಲಿಕ್ಕ. 12 ಎಂಎಂ ಪ್ಲೈ, ಸುತ್ತ ಸಾಗವಾನಿ ಬೀಡಿಂಗ್, ಎರಡು ಕೋಟ್ ಪಿಯು. ಮಾಲಿನ ಖರ್ಚು 870, ಅದು ಬಿಡ್ರಿ. ಕೊರಿಯರ್ನವ ತೂಕ ಹಚ್ಚಲಿಲ್ಲ, ಡಬ್ಬಿ ಅಳತಿ ಹಚ್ಚಿದ! ಎರಡೂವರಿ ಕೆಜಿ ಟ್ರೇಕ್ಕ ಒಂಬತ್ತ ಕೆಜಿ ರೊಕ್ಕ. ಜಗಳಾ ಮಾಡಿದೆ, ‘ನಿಯಮ ಸರ್’ ಅಂದ. ಮುಟ್ಟೂದ್ರಾಗ ಎರಡು ಟ್ರೇದ ಮೂಲಿ ಒಡದಿದ್ವು. ಇನ್ಶೂರೆನ್ಸ್ ಕೇಳಿದ್ರ ‘ಕೈಕೆಲಸದ ವಸ್ತುಕ್ಕ ಬಿಲ್ ಎಲ್ಲೈತಿ?’ ಅಂತಾರ. ನಾ ಮಾಡಿದ್ದಕ್ಕ ನಾನ ಬಿಲ್ ಬರಕೊಳ್ಳಲೇನು?

ಚನ್ನಪಟ್ಟಣದ_ಅಳಿಯ:
ಪಿಯು ಹೊಡೆದರೆ ಪ್ಲಾಸ್ಟಿಕ್ ಹಿಡಿದ ಹಾಗಿರುತ್ತೆ, ಬೆವರಿಗೆ ಜಾರುತ್ತೆ. ಜಾರಿ ಬಿದ್ದರೆ ಜವಾಬ್ದಾರಿ ನಿಮ್ಮದಾ? ಆಟಿಕೆ ಸಾಮಾನು ಅಂತ ಹಗುರವಾಗಿ ಮಾತಾಡಬೇಡಿ. ನಮ್ಮ ಊರಿನ ಕಸುಬು ಅದು.

ಡೇಟನ್_ಕನ್ನಡಿಗ:
ಇಲ್ಲಿ ಅಮೆರಿಕದಲ್ಲಿ ಇದಕ್ಕೆ ಒಂದು ಪದ್ಧತಿಯೇ ಇದೆ. ಓಕ್ಲಹೋಮದ ಕೆತ್ತನೆಗಾರರು ಶುರುಮಾಡಿದ ಈಗಲ್ ಕೇನ್ ಯೋಜನೆ, ಈಗ ಬೇರೆ ಬೇರೆ ರಾಜ್ಯದ ಸಂಘಗಳೂ ಮಾಡುತ್ತವೆ. ಕಾಲಿಗೆ ಪೆಟ್ಟಾದ ಸೈನಿಕನಿಗೆ ಹದ್ದಿನ ತಲೆಯ ಕೋಲು, ಕೋಲಿನ ಮೇಲೆ ಅವನ ಹೆಸರು, ಸೇವೆಯ ವಿವರ. ತಲೆ ಬಾಸ್‌ವುಡ್‌ನಲ್ಲಿ ಕೆತ್ತುತ್ತೇವೆ, ಮೆತ್ತಗಿನ ಮರ, ಚಾಕು ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಗರಿಗಳನ್ನು ಒಂದೊಂದಾಗಿ ಬಿಡಿಸುವುದರಲ್ಲೇ ವಾರಾಂತ್ಯಗಳು ಹೋದವು. ನನ್ನ ಮೊದಲನೆಯ ಕೋಲು ಪಡೆದವರು ವಿಯೆಟ್ನಾಂಗೆ ಹೋಗಿಬಂದ ಅಜ್ಜ. ತಲೆ ಕೆತ್ತುವ ಮರದ ತುಂಡು 11 ಡಾಲರ್, ಕೋಲು 14, ಗಾಜಿನ ಕಣ್ಣು 3. ಎರಡನೆಯದರ ಕೊಕ್ಕು ಮುರಿಯಿತು, ಮರದಲ್ಲೇ ಸೀಳಿತ್ತು.

ನೀವು ಹದ್ದಿನ ಬದಲು ಗಂಡಭೇರುಂಡ ಮಾಡಿ. ನಮ್ಮ ನಾಡಿನ ಗುರುತು.

ಮಾಜಿ_ಹವಾಲ್ದಾರ್:
ಗಂಡಭೇರುಂಡಕ್ಕೆ ಎರಡು ಕೊಕ್ಕು. ಅಂಗೈಗೆ ಎರಡು ಕಡೆ ಚುಚ್ಚಿಸಿಕೊಳ್ಳಬೇಕಾ?

ನಾನು ಖಡಕಿಯಲ್ಲಿ ಇದ್ದು ಬಂದವನು. ಇಷ್ಟು ಹೊತ್ತು ಓದಿದೆ, ಒಬ್ಬರೂ ಒಂದು ಮಾತು ಹೇಳಲಿಲ್ಲ. ಅಲ್ಲಿರುವವರು ಬೆನ್ನುಹುರಿಗೆ ಪೆಟ್ಟಾದವರು, ವೀಲ್‌ಚೇರ್ ಮೇಲಿರುವವರು. ಊರುಗೋಲು ಯಾರಿಗೆ ಸ್ವಾಮಿ?

ಟ್ರೇ ವಿಚಾರ. ನನಗೆ ಸೊಂಟದಿಂದ ಕೆಳಗೆ ಚುರುಕ್ಕೆಂದರೂ ಗೊತ್ತಾಗಲ್ಲ. ಯಾರೋ ಪುಣ್ಯಾತ್ಮರು ಕೊಟ್ಟ ಟ್ರೇಯ ತಳದಲ್ಲಿ ಒಂದು ಸ್ಕ್ರೂ ತಲೆ ಅಕ್ಕಿಕಾಳಿನಷ್ಟು ಹೊರಗಿತ್ತು. ಸಂಜೆ ಪ್ಯಾಂಟು ತೆಗೆದಾಗ ರಕ್ತ ನೋಡಿದ್ದು. ಆ ಹುಣ್ಣು ಮಾಯಲು ತಿಂಗಳುಗಟ್ಟಲೆ ಬೋರಲು ಮಲಗಿದ್ದೆ. ಬೆಡ್‌ಸೋರ್ ಅಂದರೆ ನಿಮಗೆ ಬರೀ ಮಾತು, ನಮ್ಮಲ್ಲಿ ಅದರಿಂದ ಜೀವ ಹೋದವರಿದ್ದಾರೆ. ತಳಕ್ಕೆ ಫೋಮ್ ಹಚ್ಚದ, ಅಂಚು ಉರುಟು ಮಾಡದ ಟ್ರೇ ದಯವಿಟ್ಟು ಕಳಿಸಬೇಡಿ. ಬಿಸಿ ಚಹಾ ಜಾರದಂತೆ ಲೋಟಕ್ಕೆ ಗುಣಿ ಬೇಕು, ಸುಟ್ಟರೂ ನಮಗೆ ತಿಳಿಯಲ್ಲ.

ಚೆಸ್ ಮಾಡಿದರೆ ಕಾಯಿ ದೊಡ್ಡದಿರಲಿ, ತಲೆ ಗುಂಡಗಿರಲಿ. ಕುತ್ತಿಗೆಗೆ ಪೆಟ್ಟಾದವರಿಗೆ ಬೆರಳು ಮಡಚಲ್ಲ, ಎರಡು ಅಂಗೈ ಮಧ್ಯೆ ಹಿಡಿದು ಎತ್ತುತ್ತಾರೆ.

ಇನ್ನೊಂದು. ಖಡಕಿಯಲ್ಲೇ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆ ಇದೆ. 1917ರಲ್ಲಿ, ಮೊದಲನೇ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡು ಬಂದವರಿಗೆ ಕಸುಬು ಕಲಿಸಲು ಮುಂಬೈಯಲ್ಲಿ ಶುರುವಾದದ್ದು. ಕೆಲಸ ಬಲ್ಲವರು ನಮ್ಮಲ್ಲೂ ಇದ್ದಾರೆ. 1965ರ ಯುದ್ಧದಲ್ಲಿ ಗುಂಡು ತಿಂದ ಮುರಳೀಕಾಂತ ಪೇಟ್ಕರ್ 1972ರ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ತಂದರು. ‘ಪಾಪ’ ಅಂತ ಕೊಡುವುದಾದರೆ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ.

ಹುಬ್ಬಳ್ಳಿ_ರಂಧಾ:
ಸಾಹೇಬ್ರ, ನಿಮ್ಮ ಮ್ಯಾಲೆ ಗೌರವ ಐತಿ. ಆದ್ರ ನನ್ನ ಟ್ರೇದಾಗ ಸ್ಕ್ರೂನ ಇಲ್ಲ, ಎಲ್ಲಾ ಕೂಸಾ (ಮರದ ಜೋಡಣಿ), ಗೋಂದು. ಎಲ್ಲಾರ್ನೂ ಒಂದ ತಕ್ಕಡ್ಯಾಗ ತೂಗಬ್ಯಾಡ್ರಿ.

ಹಾಸನದ_ಅಕ್ಕ:
ನನ್ನ ತಮ್ಮ ಗಡಿಯಲ್ಲಿ ಮೈನ್ ಸಿಡಿದು ಎಡಗಾಲು ಕಳೆದುಕೊಂಡ, ಮೊಣಕಾಲ ಕೆಳಗೆ. ಪುಣೆಯ ಕೃತಕ ಅಂಗ ಕೇಂದ್ರದಲ್ಲಿ ಕಾಲು ಹಾಕಿಸಿಕೊಂಡು ಬಂದ, ಅಲ್ಲಿಯವರು ದೇವರಂಥವರು. ಊರಿಗೆ ಬಂದ ಮೇಲೆ ಸನ್ಮಾನವೋ ಸನ್ಮಾನ. ಶೋಕೇಸ್ ತುಂಬಾ ಮರದ ಫಲಕ, ಮರದ ಟ್ಯಾಂಕು, ಮರದ ವಿಧಾನಸೌಧ. ಧೂಳು ಒರೆಸೋದು ನಾನು.

ಬಚ್ಚಲಿಗೆ ಹೋಗೋ ಹೊಸ್ತಿಲು ನಾಲ್ಕು ಇಂಚು. ರಾತ್ರಿ ಹೊತ್ತು ಕೃತಕ ಕಾಲು ಬಿಚ್ಚಿಟ್ಟಿರ್ತಾನೆ, ಕುಂಟಿಕೊಂಡೇ ಹೋಗಬೇಕು. ಅಲ್ಲಿಗೆ ಒಂದು ಇಳಿಜಾರು ಹಲಗೆ, ಗೋಡೆಗೆ ಹಿಡಿಕೆ, ಸ್ನಾನಕ್ಕೆ ಬೆನ್ನಿರೋ ಒಂದು ಮಣೆ ಮಾಡಿಕೊಡಿ ಅಂತ ಕಾರ್ಪೆಂಟರ್‌ನ ಕೇಳಿದರೆ 9,500 ಅಂದ. ಅಡ್ವಾನ್ಸ್ 3,000 ತಗೊಂಡು ಹೋದವನು ಹಬ್ಬ ಕಳೆದು ಬಂದ. ಅವನು ಮಾಡಿಕೊಟ್ಟ ಮಣೆ ನೀರು ಕುಡಿದು ಮಳೆಗಾಲಕ್ಕೆ ಬಾಯಿ ಬಿಟ್ಟಿತು. ಆ ಸನ್ಮಾನ ಮಾಡಿದವರಲ್ಲಿ ಒಬ್ಬರಾದರೂ ‘ಮನೆಯಲ್ಲಿ ಏನು ಬೇಕಮ್ಮ’ ಅಂತ ಕೇಳಿದ್ರಾ?

ಡೇಟನ್_ಕನ್ನಡಿಗ:
ಅಕ್ಕಾ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ನೆನಪಿನ ಕಾಣಿಕೆಗೂ ಬೆಲೆ ಇದೆ. ಆ ಅಜ್ಜ ಕೋಲು ಹಿಡಿದು ಅತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾಸನದ_ಅಕ್ಕ:
ಅಳಿಸೋದು ಸುಲಭ ಅಣ್ಣಾ. ಜಾರದ ಮಣೆ ಮಾಡೋದು ಕಷ್ಟ.

ಮಡಿಕೇರಿ_ಮರ:
ನಾವು ಅಶೋಕಸ್ತಂಭದ ಸಿಂಹದ ತಲೆ ಕೆತ್ತಿದ ಕೋಲು ಕೊಟ್ಟಿದ್ದೇವೆ, ಹಳೇ ಮನೆ ಕೆಡವಿದಾಗ ಸಿಕ್ಕ ಬೀಟೆ ತೊಲೆಯಲ್ಲಿ. ಕೆಳಗೆ ತ್ರಿವರ್ಣದ ಪಟ್ಟಿ. ಎಲ್ಲರೂ ಮೆಚ್ಚಿದರು. ಕೆತ್ತಿದವರ ಕೂಲಿಯೇ ಕೋಲೊಂದಕ್ಕೆ 2,200.

ಮಾಜಿ_ಹವಾಲ್ದಾರ್:
ಅಶೋಕಸ್ತಂಭ ರಾಷ್ಟ್ರ ಲಾಂಛನ. ಅದನ್ನು ಕಂಡಕಂಡಲ್ಲಿ ಬಳಸುವಂತಿಲ್ಲ ಅಂತ 2005ರಲ್ಲೇ ಕಾಯ್ದೆ ಬಂದಿದೆ. ತ್ರಿವರ್ಣವನ್ನು ನೆಲಕ್ಕೆ ಕುಟ್ಟುವ ಕೋಲಿನ ಬುಡಕ್ಕೆ ಬಳಿಯುತ್ತೀರಲ್ಲ, ಅದನ್ನು ನಾನು ಬಾಯಿ ಬಿಟ್ಟು ಹೇಳಬೇಕೇ?

ಮಡಿಕೇರಿ_ಮರ:
ಬುಡಕ್ಕಲ್ಲ, ಹಿಡಿಯ ಕೆಳಗೆ. ನಮ್ಮ ಮನೆಯಲ್ಲೂ ಎರಡು ತಲೆಮಾರು ಸೈನ್ಯದಲ್ಲಿದ್ದವರು. ನನಗೆ ದೇಶಭಕ್ತಿಯ ಪಾಠ ಬೇಡ.

ಚನ್ನಪಟ್ಟಣದ_ಅಳಿಯ:
ಅದಿರಲಿ, ಬೀಟೆ ತೊಲೆ ಸಾಗಿಸೋಕೆ ಅರಣ್ಯ ಇಲಾಖೆ ಪಾಸ್ ಇತ್ತಾ? ಹೊನ್ನೆ ತರೋಕೇ ನಾನು ಡಿಪೊ ಬಾಗಿಲು ಸವೆಸಿದ್ದೀನಿ.

ಮಡಿಕೇರಿ_ಮರ:
ಅಜ್ಜ ಕಟ್ಟಿಸಿದ ಮನೆಯ ತೊಲೆಗೆ ಯಾವ ಪಾಸು? ಮನೆಯ ಹಿಂದಿನ ಶೆಡ್ಡಿನಲ್ಲೇ ಕುಯ್ದದ್ದು, ರಸ್ತೆಗೇ ಹತ್ತಿಸಿಲ್ಲ.

ತುಮಕೂರು_ಉಳಿ:
ಹವಾಲ್ದಾರ್ ಸರ್, ಚೆಸ್ ಕಾಯಿ ಎಷ್ಟು ಎತ್ತರ ಇದ್ದರೆ ಅಂಗೈಯಲ್ಲಿ ಹಿಡಿಯಲು ಅನುಕೂಲ? ಮತ್ತು ಅಕ್ಕಾ, ತುಮಕೂರಿಂದ ಹಾಸನ ದೂರವೇನಲ್ಲ. ಬಚ್ಚಲಿನ ಅಳತೆ ಕಳಿಸ್ತೀರಾ?

ಹುಬ್ಬಳ್ಳಿ_ರಂಧಾ:
ಬಚ್ಚಲದಾಗಿನ ಮಣಿಗಿ ಪಿಯು ಬಿಟ್ರ ಬ್ಯಾರೆ ಮಾತ ಇಲ್ಲ, ಈಗ ಹೇಳೀನಿ.

ಚನ್ನಪಟ್ಟಣದ_ಅಳಿಯ:
ಮತ್ತೆ ಶುರು ಮಾಡಿದಿರಾ? ಒದ್ದೆ ಮಣೆ ಮೇಲೆ ಪಿಯು ಹೊಡೆದು ಮೊದಲು ನೀವು ಕೂತು ತೋರಿಸಿ.