ಸಹಾಯ ಬೇಕು: ಇನ್ವರ್ಟರ್ ಸ್ವಿಚಿಂಗ್‌ಗೆ ನ್ಯೂರಲ್ ನೆಟ್‌ವರ್ಕ್

ಎಲ್ಲರಿಗೂ ನಮಸ್ಕಾರ. ಡಿಸಿ ವಿದ್ಯುತ್ತನ್ನು ಎಸಿಯಾಗಿಸುವ ತ್ರೀ ಫೇಸ್ ಇನ್ವರ್ಟರ್‌ನ ಆರು ಸ್ವಿಚ್‌ಗಳಿಂದ ದೊರೆಯುವ 8 ಸ್ಥಿತಿಗಳ ಪೈಕಿ ಮುಂದಿನ ಕ್ಷಣಕ್ಕೆ ಯಾವುದು ಸೂಕ್ತವೆಂಬುದನ್ನು, ಪ್ರತಿ ಸ್ಥಿತಿಯ ಪರಿಣಾಮವನ್ನು ಮೊದಲೇ ಲೆಕ್ಕಹಾಕಿ ಆರಿಸುವ ಪ್ರೆಡಿಕ್ಟಿವ್ ಕಂಟ್ರೋಲ್‌ನ ನಿರ್ಧಾರಗಳನ್ನು ನೋಡಿ ಕಲಿತ ಚಿಕ್ಕ ನ್ಯೂರಲ್ ನೆಟ್‌ವರ್ಕ್‌ನಿಂದ ಆಯ್ಕೆ ಮಾಡಿಸುತ್ತಿದ್ದೇನೆ. ಸಿಮ್ಯುಲೇಶನ್‌ನಲ್ಲಿ ಕರೆಂಟ್ ಚೆನ್ನಾಗಿಯೇ ಬರುತ್ತದೆ. ಆದರೆ ಎರಡು ಸ್ಥಿತಿಗಳು ಕೊಡುವ ವೋಲ್ಟೇಜ್ ವೆಕ್ಟರ್‌ಗಳು ಹೆಚ್ಚುಕಡಿಮೆ ಸಮವೆನಿಸುವ ಗಡಿಯಲ್ಲಿ ನೆಟ್‌ವರ್ಕ್ ಅತ್ತಿಂದಿತ್ತ ಹೊಯ್ದಾಡುವುದರಿಂದ ಅನಗತ್ಯ ಸ್ವಿಚಿಂಗ್ ಹೆಚ್ಚಿ, ಸ್ವಿಚ್‌ಗಳಾದ ಐಜಿಬಿಟಿ ಟ್ರಾನ್ಸಿಸ್ಟರ್‌ಗಳಲ್ಲಿ ಶಕ್ತಿನಷ್ಟ ಏರುತ್ತದೆ. ಒಂದೇ ಲೆಗ್‌ನ (ಒಂದು ಫೇಸ್‌ನ ಸ್ವಿಚ್ ಜೋಡಿಯ) ಎರಡೂ ಸ್ವಿಚ್‌ಗಳು ಒಟ್ಟಿಗೆ ಆನ್ ಆದರೆ ಡಿಸಿ ಬಸ್ ಶಾರ್ಟ್ ಆಗುವುದರಿಂದ ಒಂದು ಆಫ್ ಆಗಿ ಇನ್ನೊಂದು ಆನ್ ಆಗುವ ನಡುವಿನ ಬಿಡುವನ್ನು (ಡೆಡ್ ಟೈಮ್) ಹಾರ್ಡ್‌ವೇರ್‌ಗೇ ಬಿಟ್ಟಿದ್ದೇನೆ. ಅದನ್ನು ಕಲಿಕೆಗೆ ಒಪ್ಪಿಸುವುದು ನನ್ನ ಮಟ್ಟಿಗೆ ಸರಿಯಲ್ಲ. ಹಿಂದಿನ ಸ್ವಿಚಿಂಗ್ ಸ್ಥಿತಿಯನ್ನೂ ಇನ್‌ಪುಟ್ ಆಗಿ ಕೊಟ್ಟರೆ ಸಾಕೇ, ಅಥವಾ ಸ್ವಿಚ್ ಬದಲಾದಾಗಲೆಲ್ಲ ದಂಡ ಬೀಳುವಂತೆ ತರಬೇತಿಯನ್ನೇ ಬದಲಿಸಬೇಕೇ? ಲೋಡ್‌ನ ಇಂಡಕ್ಟೆನ್ಸ್ ಬದಲಾದಾಗಲೂ ನಿಲ್ಲುವಂಥ ವಿಧಾನವನ್ನು ನಿಜವಾದ ಬೋರ್ಡ್ ಮೇಲೆ ಪರೀಕ್ಷಿಸಿದವರಿದ್ದರೆ ದಯವಿಟ್ಟು ತಿಳಿಸಿ.