ಶಾಂತಲೆಯ ‘ಸವತಿಗಂಧವಾರಣೆ’ ಬಿರುದನ್ನು ಬಿಡಿಸುವುದು ಹೇಗೆ?

ಪ್ರಶ್ನೆ:
ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನನ ರಾಣಿ ಶಾಂತಲೆ ಕಟ್ಟಿಸಿದ ಸವತಿಗಂಧವಾರಣ ಬಸದಿ ಇದೆಯಲ್ಲ, ಆ ಹೆಸರಿನ ಅರ್ಥವೇನು? ‘ಸವತಿಯರ ಗಾಳಿಯನ್ನೂ ತಡೆಯುವವಳು’ ಎಂದು ಕೆಲವರು, ‘ಸವತಿಯರಿಗೆ ಶ್ರೀಗಂಧದಂಥವಳು’ ಎಂದು ಕೆಲವರು ಹೇಳುತ್ತಾರೆ. ಎರಡೂ ಮನಸ್ಸಿಗೆ ಒಪ್ಪುತ್ತಿಲ್ಲ.

ಉತ್ತರ 1:
ಎರಡೂ ಸರಿಯಲ್ಲ. ‘ಗಂಧ’ವನ್ನೂ ‘ವಾರಣ’ವನ್ನೂ ಬೇರೆಬೇರೆ ಓದಿದಾಗ ಈ ಎಡವಟ್ಟಾಗುತ್ತದೆ. ವಾರಣ ಎಂದರೆ ತಡೆ ಹೌದು, ಆನೆಯೂ ಹೌದು. ಇಲ್ಲಿ ಗಂಧವಾರಣ ಎಂಬುದು ಒಂದೇ ಪದ: ಮದವೇರಿದ ಆನೆ. ಕಪೋಲದಿಂದ ಸುರಿಯುವ ಮದಜಲದ ವಾಸನೆ ಬಡಿದರೆ ಸಾಕು, ಉಳಿದ ಆನೆಗಳು ಹಿಂದೆ ಸರಿಯುತ್ತವೆ ಎಂಬುದು ಕವಿಸಮಯ, ಅಂದರೆ ಕವಿಗಳು ರೂಢಿಯಾಗಿ ಒಪ್ಪಿಕೊಂಡ ಮಾತು. ಗಂಧಹಸ್ತಿ, ಗಂಧಗಜ ಎಲ್ಲ ಅದೇ. ಜೈನರ ‘ನಮೋತ್ಥುಣಂ’ ಸ್ತುತಿಯಲ್ಲಿ ತೀರ್ಥಂಕರರಿಗೇ ‘ಪುರಿಸವರ ಗಂಧಹತ್ಥಿ’ ಎಂಬ ವಿಶೇಷಣವಿದೆ. ಜಿನಭಕ್ತೆಯಾದ ರಾಣಿಗೆ ಇದು ಒರಟು ಬೈಗುಳವಲ್ಲ, ದೊಡ್ಡ ಹೋಲಿಕೆ.

ಶಾಸನದ ಪೂರ್ಣರೂಪ ‘ಉದ್ವೃತ್ತಸವತಿಗಂಧವಾರಣೆ’. ಆ ಮೊದಲ ಪದವನ್ನು ದಯವಿಟ್ಟು ಬಿಡಬೇಡಿ. ಉದ್ವೃತ್ತ ಎಂದರೆ ಸೊಕ್ಕಿದ, ಮೇರೆ ಮೀರಿದ. ಅವಳು ಮದಗಜವಾಗುವುದು ಸೊಕ್ಕಿದ ಸವತಿಯರ ಪಾಲಿಗೆ ಮಾತ್ರ, ಎಲ್ಲ ಸವತಿಯರ ಪಾಲಿಗಲ್ಲ.

ಉತ್ತರ 2:
ವ್ಯಾಕರಣದ್ದೊಂದು ಮಾತು. ಸವತಿ ಎಂಬುದು ‘ಸಪತ್ನೀ’ಯ ತದ್ಭವ, ಗಂಧವಾರಣ ಸಂಸ್ಕೃತ. ಹೀಗೆ ಕನ್ನಡದ ರೂಪಕ್ಕೆ ಸಂಸ್ಕೃತ ಪದ ಕೂಡಿದರೆ ಅರಿಸಮಾಸ, ಅಂದರೆ ಸಲ್ಲದ ಸಮಾಸ, ಆಗುತ್ತದೆ. ಆದರೆ ಬಿರುದಾವಳಿಗಳಲ್ಲಿ ಅದು ದೋಷವಲ್ಲ ಎಂದು ‘ಶಬ್ದಮಣಿದರ್ಪಣ’ದ ವ್ಯಾಕರಣಕಾರ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ಇನ್ನು ರಾಣಿಯನ್ನು ಕುರಿತಾಗ ‘ವಾರಣೆ’, ಬಸದಿಯ ಹೆಸರಿನಲ್ಲಿ ‘ವಾರಣ’. ಬರೆಯುವಾಗ ಈ ವ್ಯತ್ಯಾಸ ಉಳಿಸಿಕೊಳ್ಳಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ಹಾಗಾದರೆ ಇದು ಅರಮನೆಯಲ್ಲಿ ಅವಳ ಸ್ಥಾನವನ್ನು ಹೇಳುವ ಪದವಿಯೇ?

ಉತ್ತರ 3:
ಅಲ್ಲ. ಸ್ಥಾನ ಹೇಳುವುದು ‘ಪಿರಿಯರಸಿ ಪಟ್ಟಮಹಾದೇವಿ’. ಪಿರಿಯರಸಿ ಅಂದರೆ ಹಿರಿಯ ರಾಣಿ. ಪಟ್ಟ ಎಂಬುದು ಹಣೆಗೆ ಕಟ್ಟುವ ಪಟ್ಟಿ, ‘ಪಟ್ಟ ಕಟ್ಟುವುದು’ ಎಂಬ ಮಾತು ಬಂದದ್ದೇ ಅದರಿಂದ. ಸವತಿಗಂಧವಾರಣೆ ಹೊಗಳಿಕೆಯ ಬಿರುದು. ‘ಅಭಿನವ ರುಗ್ಮಿಣಿದೇವಿ’, ‘ಪತಿಹಿತ ಸತ್ಯಭಾಮೆ’, ‘ವಿವೇಕೈಕ ಬೃಹಸ್ಪತಿ’ಗಳ ಸಾಲಿನದು.

ಬಸದಿಯ ಕಾಲ ಶಕ 1045. 78 ಕೂಡಿಸಿ, ಕ್ರಿ.ಶ. 1123. ಒಳಗಿರುವ ಮೂರ್ತಿ ಶಾಂತಿನಾಥನದು. ರಾಣಿ ತೀರಿಕೊಂಡದ್ದು 1131ರಲ್ಲಿ, ಶಿವಗಂಗೆಯಲ್ಲಿ. ಅಂದಮೇಲೆ ಈ ಬಿರುದು ಸತ್ತ ಮೇಲೆ ಯಾರೋ ಅಂಟಿಸಿದ್ದಲ್ಲ. ಅವಳು ಬದುಕಿದ್ದಾಗಲೇ, ಅವಳೇ ಕಟ್ಟಿಸಿದ ಬಸದಿಗೆ ಆ ಹೆಸರು ಬಿತ್ತು.