ಪದಚರ್ಚೆ: ಆನ್‌ಲೈನ್ ಮೋಸಕ್ಕೆ ‘ತುಡುಗು’ ಅನ್ನಬಹುದಾ?

ಗೆಳೆಯರೇ, ನಮಸ್ಕಾರ.

ಇಳಕಲ್ಲಿನ ನೇಕಾರರ ಸಂಘವೊಂದಕ್ಕೆ ಗೋಡೆಬರಹ ಬರೆದುಕೊಡಬೇಕಿದೆ. ಫೋನು, ವಾಟ್ಸಾಪ್‌ನಲ್ಲಿ ದುಡ್ಡು ಹೊಡೆಯುವವರ ಬಗ್ಗೆ ಎಚ್ಚರಿಕೆ, ನಾಲ್ಕೇ ಸಾಲು. ಮೊದಲ ಪದಕ್ಕೇ ತಡವರಿಸುತ್ತಿದ್ದೇನೆ. ‘ಸ್ಕ್ಯಾಮ್’ ಅನ್ನುವುದಕ್ಕೆ ಏನು ಬರೆಯಲಿ?

‘ವಂಚನೆ’ ತಪ್ಪಲ್ಲ. ಪೊಲೀಸ್ ಪ್ರಕಟಣೆಯಲ್ಲೂ ಪತ್ರಿಕೆಯಲ್ಲೂ ಅದೇ ಇರುತ್ತದೆ. ಆದರೆ ಮಗ್ಗದ ಮುಂದೆ ಕೂತವರು ಯಾರೂ ‘ನನಗೆ ವಂಚನೆ ಆಯ್ತು’ ಅನ್ನುವುದಿಲ್ಲ. ಟೊಪಗಿ ಹಾಕಿದರು, ನಾಮ ಎಳೆದರು, ಯಾಮಾರಿಸಿದರು, ಮಂಕುಬೂದಿ ಎರಚಿದರು, ಚಳ್ಳೆಹಣ್ಣು ತಿನ್ನಿಸಿದರು ಅನ್ನುತ್ತಾರೆ. ಸೊಗಸಾದ ಮಾತುಗಳೇ. ಆದರೆ ಗಮನಿಸಿ, ಇವೆಲ್ಲ ಕಳೆದುಕೊಂಡವನನ್ನು ನೋಡಿ ನಗುವ ಮಾತುಗಳು. ‘ಟೋಪ್ ತೆನಿ ನೇಯುವವರಿಗೇ ಟೊಪಗಿ’ ಎಂಬ ಕುಚೋದ್ಯ ಆಗಲೇ ಹುಟ್ಟಿಕೊಂಡಿದೆ. (ಟೋಪ್ ತೆನಿ ಅಂದರೆ ಇಳಕಲ್ ಸೀರೆಯ ಸೆರಗಿನ ವಿನ್ಯಾಸ.)

‘ಮೋಸ ಹೋದ’ ಅನ್ನುವುದು ಇನ್ನೂ ವಿಚಿತ್ರ. ಅಲ್ಲಿ ಕರ್ತೃ ಯಾರು? ಕಳೆದುಕೊಂಡವನೇ. ತಾನಾಗಿ ಎದ್ದು ಮೋಸದ ಮನೆಗೆ ನಡೆದುಹೋದ ಹಾಗೆ! ಕಳ್ಳ ಆ ವಾಕ್ಯದಲ್ಲೇ ಇಲ್ಲ. ‘ಟೊಪಗಿ ಹಾಕಿಸಿಕೊಂಡ’ ಅಂದರಂತೂ ಮುಗಿದೇ ಹೋಯಿತು.

ಸುಮ್ನೆ ವ್ಯಾಕರಣದ ಹರಟೆಗೆ ಇದನ್ನು ಎತ್ತಿಲ್ಲ. ದುಡ್ಡು ಹೋದ ಕೂಡಲೇ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ, ಹಣ ಇನ್ನೂ ಯಾವುದಾದರೂ ಖಾತೆಯಲ್ಲಿದ್ದಾಗ ಬ್ಯಾಂಕಿನವರು ಅದನ್ನು ತಡೆಹಿಡಿಯಬಹುದು. ತಡವಾದಷ್ಟೂ ಅದು ಖಾತೆಯಿಂದ ಖಾತೆಗೆ ಜಿಗಿದು ಕೊನೆಗೆ ಕೈಗೇ ಸಿಗುವುದಿಲ್ಲ. ಊರವರು ನಕ್ಕಾರು ಅಂತ ಬಾಯಿ ಮುಚ್ಚಿಕೊಂಡು ಕೂತರೆ ಕಳ್ಳನಿಗೆ ಬೇಕಾದದ್ದೂ ಅದೇ, ಅಲ್ವಾ?

ಹಾಗಾಗಿ ನನಗೆ ಹೊಳೆದದ್ದು ‘ತುಡುಗು’. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಕಳ್ಳತನಕ್ಕೆ ತುಡುಗು, ಕಳ್ಳನಿಗೆ ತುಡುಗ ಅನ್ನುತ್ತೇವೆ. ಮನೆ ತುಡುಗಾದರೆ ಯಾರೂ ನಗುವುದಿಲ್ಲ. ‘ಮೊದಲು ಸ್ಟೇಷನ್‌ಗೆ ಹೋಗು’ ಅನ್ನುತ್ತಾರೆ. ‘ಫೋನ್ ತುಡುಗು’ ಅಂತ ಬರೆದರೆ ಫೋನೇ ಕಳುವಾಯಿತು ಅಂದುಕೊಳ್ಳುತ್ತಾರೆ, ಅದು ಬೇಡ. ‘ಆನ್‌ಲೈನ್ ತುಡುಗು’ ಹೇಗೆ?

ವಕೀಲ ಗೆಳೆಯರೊಬ್ಬರು ಒಪ್ಪಲಿಲ್ಲ. ಕಾನೂನಿನಲ್ಲಿ ಕಳವು ಬೇರೆ, ವಂಚನೆ ಬೇರೆ. ಇಲ್ಲಿ ಕಳೆದುಕೊಂಡವನು ನಂಬಿ ತಾನೇ ಕೊಟ್ಟಿರುತ್ತಾನೆ. ಅದು ಹಳೆಯ 420, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಅನ್ನುತ್ತಾರೆ. ಅವರ ಮಾತು ಸರಿ. ಆದರೆ ಗೋಡೆಬರಹ ಎಫ್‌ಐಆರ್ ಅಲ್ಲವಲ್ಲ. ಸಂಹಿತೆ ಬದಲಾದರೂ ಜನರ ಬಾಯಲ್ಲಿ ‘ಚಾರ್‌ಸೌಬೀಸ್’ ಬದಲಾಗಿಲ್ಲ, 318 ಅಂತ ಬೈಯುವವರನ್ನು ನಾನಂತೂ ಕಂಡಿಲ್ಲ.

‘ದಗಾ’ ಅನ್ನಬಹುದು ಅಂತಲೂ ಒಬ್ಬರು ಹೇಳಿದರು. ನನ್ನ ಕಿವಿಗೆ ದಗಾ ಅಂದರೆ ಗುರುತಿನವರು, ನಂಬಿದವರು ಮಾಡುವಂಥದ್ದು. ಪಾಲುದಾರ ದಗಾ ಮಾಡುತ್ತಾನೆ. ಗೊತ್ತೇ ಇಲ್ಲದವನು ‘ಮಿಲಿಟರಿಯವನು, ಹತ್ತು ಸೀರೆ ಬೇಕು, ಅಡ್ವಾನ್ಸ್ ಹಾಕುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಅಂದರೆ ಅದು ದಗಾ ಹೇಗಾದೀತು? ಇದಕ್ಕೆ ಪದವೇ ಬೇಕಿಲ್ಲ ಬಿಡಿ. ‘ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ, ಬರುವುದಿಲ್ಲ’ ಅಂತ ಎರಡನೇ ಸಾಲು ಆಗಲೇ ಬರೆದಿಟ್ಟಿದ್ದೇನೆ. ಯುಪಿಐನಲ್ಲಿ ಹಣ ಪಡೆಯುವುದಕ್ಕೆ ಪಿನ್ ಬೇಡವೇ ಬೇಡ.

ಮೂರನೇ ಸಾಲು ‘ಡಿಜಿಟಲ್ ಅರೆಸ್ಟ್’ ಬಗ್ಗೆ. ಪೊಲೀಸರ ಸೋಗಿನಲ್ಲಿ ವಿಡಿಯೊ ಕಾಲ್ ಮಾಡಿ, ‘ನಿಮ್ಮನ್ನು ಅರೆಸ್ಟ್ ಮಾಡಿದ್ದೇವೆ’ ಅಂತ ಹೆದರಿಸಿ ದುಡ್ಡು ಕೀಳುತ್ತಾರಲ್ಲ, ಅದು. ಇದನ್ನು ‘ಡಿಜಿಟಲ್ ಬಂಧನ’ ಅಂತ ಬರೆಯುವುದಕ್ಕೆ ನನ್ನ ವಿರೋಧವಿದೆ. ವಿಡಿಯೊ ಕಾಲ್‌ನಲ್ಲಿ ಬಂಧಿಸುವ ಪದ್ಧತಿ ನಮ್ಮ ಕಾನೂನಿನಲ್ಲೇ ಇಲ್ಲ. ಕಳ್ಳ ಇಟ್ಟ ಹೆಸರನ್ನೇ ನಾವು ಕನ್ನಡಕ್ಕೆ ತಂದು, ಹೊಸ ಕಾನೂನು ಬಂದಿದೆಯೇನೋ ಅನ್ನಿಸುವ ಹಾಗೆ ಮಾಡುತ್ತಿದ್ದೇವೆ. 2025ರಲ್ಲಿ ಖಾನಾಪುರ ತಾಲೂಕಿನಲ್ಲಿ ವಯಸ್ಸಾದ ದಂಪತಿ ಇಂಥದೇ ಬೆದರಿಕೆಗೆ ಸಿಕ್ಕಿ ಜೀವ ಕಳೆದುಕೊಂಡರು. ಇಲ್ಲಿ ಪದ ಹಗುರಾಗಬಾರದು, ಅಧಿಕೃತವಾಗಿಯೂ ಕೇಳಿಸಬಾರದು. ‘ಖೊಟ್ಟಿ ಅರೆಸ್ಟ್’ ಅಂದರೆ ಹೇಗೆ? ಖೊಟ್ಟಿ ನೋಟು, ಖೊಟ್ಟಿ ದಾಖಲೆ ನಮ್ಮವರಿಗೆ ಚೆನ್ನಾಗಿ ಗೊತ್ತು. ‘ಹುಸಿ’ ಚಂದವೇ, ಆದರೆ ಸಂತೆಯಲ್ಲಿ ಕೇಳಿಸುವ ಪದ ಖೊಟ್ಟಿ.

ಫಿಶಿಂಗ್ (ಇಮೇಲ್, ಲಿಂಕ್ ಕಳಿಸಿ ಮೋಸ), ವಿಶಿಂಗ್ (ಫೋನ್ ಕರೆಯಲ್ಲಿ), ಸ್ಮಿಶಿಂಗ್‌ಗೆ (ಎಸ್‌ಎಂಎಸ್‌ನಲ್ಲಿ) ಬೇರೆಬೇರೆ ಕನ್ನಡ ಹುಡುಕುವ ಗೋಜಿಗೆ ನಾನು ಹೋಗಿಲ್ಲ. ಗಾಳ ಅಂದರೆ ಮೂರಕ್ಕೂ ಸಾಕು.

ನಿಮ್ಮನ್ನು ಕೇಳುವುದು ಇಷ್ಟು. ಮೈಸೂರು ಕಡೆಯವರಿಗೆ ತುಡುಗು ಅಂದರೆ ಬೇರೆಯವರ ಹೊಲಕ್ಕೆ ನುಗ್ಗುವ ತುಡುಗು ದನ ಮಾತ್ರ ನೆನಪಾಗುತ್ತದಾ? ರಾಯಚೂರು, ಬಳ್ಳಾರಿಯಲ್ಲಿ ಕಳ್ಳತನ ಅನ್ನುವ ಅರ್ಥದಲ್ಲಿ ಬಳಸುತ್ತಾರಾ? ಬರಹ ಚೆನ್ನಾಗಿ ಬಂದರೆ ಬೇರೆ ಊರಿನ ಸಂಘಗಳಿಗೂ ಕೊಡುವ ಯೋಚನೆ ಇದೆ, ಅದಕ್ಕೇ ಕೇಳುತ್ತಿದ್ದೇನೆ.

ಇನ್ನು ನಾಲ್ಕನೇ ಸಾಲು ‘ಮ್ಯೂಲ್ ಅಕೌಂಟ್’. ಕಮಿಷನ್ ಆಸೆ ತೋರಿಸಿ ಕಾಲೇಜು ಹುಡುಗರ ಖಾತೆ, ಎಟಿಎಂ ಕಾರ್ಡ್, ಸಿಮ್ ತೆಗೆದುಕೊಂಡು ಕದ್ದ ಹಣ ಸಾಗಿಸುತ್ತಾರಲ್ಲ, ಅದು. ‘ಹೇಸರಗತ್ತೆ ಖಾತೆ’ ಅಂತ ಬರೆದರೆ ಹುಡುಗರು ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುತ್ತಾರೆ ಅಷ್ಟೇ. ‘ಬಾಡಿಗೆ ಖಾತೆ’ ತಿಳಿಯುತ್ತದೆ, ಆದರೆ ಬಾಡಿಗೆ ಅಂದರೆ ತಪ್ಪೇನಿದೆ ಅನ್ನಿಸಿಬಿಡುತ್ತದೆ. ‘ತುಡುಗಿನ ಖಾತೆ’ ಅಂದರೆ ಖಾತೆ ಕೊಟ್ಟವನೂ ಕೇಸಿನಲ್ಲಿ ಸಿಕ್ಕಿಬೀಳುತ್ತಾನೆ ಅನ್ನುವುದು ಹೊಳೆಯುತ್ತದಾ? ಬೇರೆ ಪದ ಇದ್ದರೆ ಬೇಗ ತಿಳಿಸಿ. ಪೇಂಟರ್ ಸೋಮವಾರ ಬರುತ್ತಾನೆ.